ಹೇಳಿದ್ದು ಮೂರು ಸಲ, ತಲುಪಿದ್ದು ಒಂದೂ ಇಲ್ಲ: ಪಾಳಿ ಬದಲಾವಣೆಯ ಟಿಪ್ಪಣಿಯೊಂದರ ಸುತ್ತ ಪ್ರಕರಣ ಅಧ್ಯಯನ

"ಗ್ರಾಹಕರಿಗೆ ತಿಳಿಸಲಾಗಿದೆ. ಸರ್ವರ್ ಪರಿಶೀಲನೆಯಲ್ಲಿದೆ. ಬೆಳಗಿನ ಪಾಳಿಯವರು ಗಮನಿಸುವುದು."

ತಾಂತ್ರಿಕ ನೆರವು ನೀಡುವ ತಂಡವೊಂದರ ಹಿರಿಯ ಎಂಜಿನಿಯರೊಬ್ಬರು ರಾತ್ರಿ ಪಾಳಿ ಮುಗಿಸಿ ಹೊರಡುವ ಮುನ್ನ ಬರೆದಿಟ್ಟ ಟಿಪ್ಪಣಿ ಇದು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗ್ರಾಹಕರಿಗೆ ತಿಳಿಸಿದ್ದರು, ಬೆಳಗ್ಗೆ 9 ಗಂಟೆಯೊಳಗೆ ಮತ್ತೆ ಫೋನ್ ಮಾಡುತ್ತೇವೆಂದು ಮಾತನ್ನೂ ಕೊಟ್ಟಿದ್ದರು. ಸರ್ವರನ್ನು ಎರಡು ಬಾರಿ ರೀಸ್ಟಾರ್ಟ್ ಮಾಡಿ, ಅದರಿಂದ ಪ್ರಯೋಜನವಿಲ್ಲವೆಂಬುದನ್ನು ಖಚಿತಪಡಿಸಿಕೊಂಡಿದ್ದರು. ಆದರೆ ಕೊಟ್ಟ ಮಾತಾಗಲಿ, ಮಾಡಿ ಸೋತ ಪ್ರಯತ್ನವಾಗಲಿ ಟಿಪ್ಪಣಿಯಲ್ಲಿ ಇರಲಿಲ್ಲ. ಬೆಳಗಿನವರು ಸರ್ವರನ್ನು ಮೂರನೆಯ ಬಾರಿ ರೀಸ್ಟಾರ್ಟ್ ಮಾಡಿದರು, 9 ಗಂಟೆಗೆ ಯಾರೂ ಫೋನ್ ಮಾಡಲಿಲ್ಲ, 10 ಗಂಟೆಗೆ ಗ್ರಾಹಕರಿಂದಲೇ ಸಿಟ್ಟಿನ ಕರೆ ಬಂತು.

ತಂಡದಲ್ಲಿ 14 ಜನ, ದಿನಕ್ಕೆ ಮೂರು ಪಾಳಿ. ತಂಡದ ಮುಖ್ಯಸ್ಥೆ ಅದೇ ತಂಡದಿಂದ ಬಡ್ತಿ ಪಡೆದವರು; ಆ ಸ್ಥಾನಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಜಿನಿಯರ್ ವಯಸ್ಸಿನಲ್ಲೂ ಅನುಭವದಲ್ಲೂ ಆಕೆಗಿಂತ ಹಿರಿಯರು. ಆಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ದೋಷ ಎಲ್ಲಿದೆಯೆಂದು ಹುಡುಕುವ ಕ್ರಮವನ್ನು ಕಲಿಸಿದವರೂ ಅವರೇ. ಬಡ್ತಿಯ ನಂತರವೂ ಆಕೆ ಅವರನ್ನು 'ಸರ್' ಎಂದೇ ಕರೆಯುತ್ತಿದ್ದರು, ಅವರು ಆಕೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಕುರಿತ ತರಬೇತಿಗಳೆಲ್ಲ ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂದಿಟ್ಟುಕೊಂಡೇ ಆರಂಭವಾಗುತ್ತವೆ. ಇಲ್ಲಿ ಹುದ್ದೆಯ ಅಧಿಕಾರ ಒಬ್ಬರ ಕಡೆಗಿದ್ದರೆ, ಕೆಲಸ ಕಲಿಸಿದ ಹಿರಿತನ ಇನ್ನೊಬ್ಬರ ಕಡೆಗಿತ್ತು. ಸಿಬ್ಬಂದಿ ವಿಭಾಗದಲ್ಲಿ ತರಬೇತಿಯ ಹೊಣೆ ಹೊತ್ತಿರುವ ನಾನು ಇಬ್ಬರ ನಡುವೆ ಮಾತು ನಿಂತುಹೋದ ಮೇಲೆ ಈ ವಿಷಯಕ್ಕೆ ಬಂದವನು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇನೆ.

ಮೂರು ಸಲ ಹೇಳಿದ್ದು

"ನಾನು ಒಂದಲ್ಲ, ಮೂರು ಸಲ ಹೇಳಿದ್ದೇನೆ" ಎಂಬುದು ಮುಖ್ಯಸ್ಥೆ ನನ್ನೆದುರು ಆಡಿದ ಮೊದಲ ಮಾತು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಮೂರೂ ಸಂದರ್ಭಗಳ ದಾಖಲೆ ಅಥವಾ ನೆನಪು ಇಬ್ಬರಲ್ಲೂ ಇತ್ತು. ಆದರೆ ಆ ನೆನಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅವು ಬೇರೆ ಬೇರೆ ಘಟನೆಗಳಂತೆ ಕಂಡವು.

ಮೊದಲನೆಯದು ಅದೇ ದಿನ ಚಾಟ್‌ನಲ್ಲಿ ಕಳಿಸಿದ ಸಂದೇಶ: "ಸರ್, ನೋಟ್ ಸ್ವಲ್ಪ ವಿವರವಾಗಿದ್ದರೆ ಬೆಳಗಿನವರಿಗೆ ಅನುಕೂಲ ಆಗ್ತಿತ್ತು." ಅವರು "ಖಂಡಿತ" ಎಂದು ಉತ್ತರಿಸಿದ್ದರು. ಎರಡನೆಯದು ಎರಡು ವಾರದ ನಂತರ ಇಬ್ಬರೇ ಕೂತು ನಡೆಸಿದ ಮಾತುಕತೆಯಲ್ಲಿ. ಆ ಅರ್ಧ ಗಂಟೆಯ ಬಹುಪಾಲು ಅವರ ತಾಂತ್ರಿಕ ಕೌಶಲದ ಮೆಚ್ಚುಗೆಗೆ ಮೀಸಲಾಗಿತ್ತು. ನಡುವೆ ಒಂದು ವಾಕ್ಯದಲ್ಲಿ ಪಾಳಿ ಬದಲಾವಣೆಯ ವಿಷಯ ಬಂದು, ಮತ್ತೆ ಮೆಚ್ಚುಗೆಯಲ್ಲೇ ಮಾತು ಮುಗಿದಿತ್ತು. ಮುಖ್ಯಸ್ಥೆಗೆ ಆ ಒಂದು ವಾಕ್ಯವೇ ಇಡೀ ಮಾತುಕತೆಯ ಉದ್ದೇಶವಾಗಿತ್ತು. ಎಂಜಿನಿಯರ್ ಅದನ್ನು ನೆನಪಿಸಿಕೊಂಡದ್ದು ಹೀಗೆ: "ಕೆಲಸ ಚೆನ್ನಾಗಿದೆ ಅಂದ್ರು. ತುಂಬ ದಿನ ಆದ್ಮೇಲೆ ಯಾರೋ ಒಬ್ರು ಗಮನಿಸಿದ್ರಲ್ಲ ಅಂತ ಖುಷಿಯಾಯ್ತು." ಮೂರನೆಯದು ತಂಡದ ಗುಂಪಿಗೆ ಹಾಕಿದ ಸಾಮಾನ್ಯ ಸೂಚನೆ: ಎಲ್ಲರೂ ಟಿಪ್ಪಣಿಗಳ ಬಗ್ಗೆ ಗಮನ ಕೊಡಬೇಕು. ಅದು ತಮ್ಮನ್ನು ಉದ್ದೇಶಿಸಿದ್ದೆಂದು ಅವರಿಗೆ ಅನ್ನಿಸಲೇ ಇಲ್ಲ. ಮೊದಲ ಸಂದೇಶದ ನಂತರ ಅವರು ತಮ್ಮ ಟಿಪ್ಪಣಿಯನ್ನು ಬದಲಿಸಿಕೊಂಡಿದ್ದರು ಎಂಬುದು ಅದಕ್ಕೆ ಮುಖ್ಯ ಕಾರಣ.

ಹೌದು, ಬದಲಿಸಿಕೊಂಡಿದ್ದರು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ. "ಸ್ವಲ್ಪ ವಿವರವಾಗಿ" ಎಂದದ್ದಕ್ಕೆ ಅವರು ವಿವರ ಕೊಟ್ಟರು. ಮೂರು ಸಾಲಿನ ಟಿಪ್ಪಣಿ ಒಂದೂವರೆ ಪುಟಕ್ಕೆ ಬೆಳೆಯಿತು. ಸರ್ವರ್ ಲಾಗ್‌ನ ಸಾಲುಗಳು ಬಂದವು, ದೋಷಸಂದೇಶಗಳು ಇಡಿಯಾಗಿ ಬಂದವು, ಗ್ರಾಹಕರ ಮಿಂಚಂಚೆಗಳ ಪ್ರತಿ ಬಂತು. ಬೆಳಗಿನ ಪಾಳಿಯವರು ಮೊದಲು ಮೂರು ಸಾಲನ್ನಾದರೂ ಓದುತ್ತಿದ್ದರು. ಈಗ ಒಂದೂವರೆ ಪುಟವನ್ನು ಕಂಡು ಓದುವುದನ್ನೇ ಬಿಟ್ಟರು. ಯಾರಿಗೆ ಏನು ಮಾತು ಕೊಡಲಾಗಿದೆ ಎಂಬುದು ಆಗಲೂ ಅದರಲ್ಲಿ ಇರಲಿಲ್ಲ. ಮುಖ್ಯಸ್ಥೆಯ ಕಣ್ಣಿಗೆ ಇದು ಹಟದಂತೆ ಕಂಡಿತು. ಎಂಜಿನಿಯರ್ ದೃಷ್ಟಿಯಲ್ಲಿ ಇದು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದು.

ಅಪ್ರಿಯವಾದದ್ದನ್ನು ಹೇಳಲು ಮನುಷ್ಯ ಹಿಂಜರಿಯುತ್ತಾನೆ ಎಂಬುದನ್ನು ಸಿಡ್ನಿ ರೋಸೆನ್ ಮತ್ತು ಅಬ್ರಹಾಂ ಟೆಸ್ಸರ್ 1970 ರಲ್ಲೇ ಪ್ರಯೋಗಗಳ ಮೂಲಕ ತೋರಿಸಿದ್ದರು: ಒಳ್ಳೆಯ ಸುದ್ದಿಯನ್ನು ಜನ ಪೂರ್ತಿಯಾಗಿ, ಬೇಗನೆ ಮುಟ್ಟಿಸುತ್ತಾರೆ; ಕೆಟ್ಟ ಸುದ್ದಿಯನ್ನು ತಡೆಹಿಡಿಯುತ್ತಾರೆ ಅಥವಾ ಮೊಟಕುಗೊಳಿಸುತ್ತಾರೆ. ಆದರೆ ಹಿಂಜರಿಕೆಯೊಂದರಿಂದಲೇ ಈ ಪ್ರಕರಣ ಅರ್ಥವಾಗುವುದಿಲ್ಲ. ಮೊಟಕುಗೊಳಿಸಿ ಹೇಳಿದವರಿಗೆ ತಾವು ಪೂರ್ತಿ ಹೇಳಿದ್ದೇವೆಂಬ ನಂಬಿಕೆ ಉಳಿಯುತ್ತದೆಯಲ್ಲ, ತೊಡಕು ಅಲ್ಲಿದೆ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 1998 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಪಾರದರ್ಶಕತೆಯ ಭ್ರಮೆ ಎಂದು ಗುರುತಿಸಿದರು: ನಮ್ಮ ಮನಸ್ಸಿನಲ್ಲಿರುವುದು ಎದುರಿನವರಿಗೆ ನಿಜಕ್ಕೂ ಕಾಣುವುದಕ್ಕಿಂತ ಹೆಚ್ಚಾಗಿ ಕಾಣುತ್ತಿದೆಯೆಂದು ನಾವು ಭಾವಿಸುತ್ತೇವೆ. ಮುಖ್ಯಸ್ಥೆಯ ಮನಸ್ಸಿನಲ್ಲಿ ಆ ಬೆಳಗಿನ ಸಿಟ್ಟಿನ ಕರೆ, ಮೂರನೆಯ ರೀಸ್ಟಾರ್ಟ್, ತಪ್ಪಿಹೋದ 9 ಗಂಟೆಯ ಮಾತು ಎಲ್ಲವೂ ಇತ್ತು. ಹೊರಗೆ ಬಂದದ್ದು "ಸ್ವಲ್ಪ ವಿವರವಾಗಿ" ಎಂಬ ಎರಡು ಪದ.

ಸಭೆ

ಎರಡನೆಯ ತಿಂಗಳಲ್ಲಿ ಇನ್ನೊಂದು ದೊಡ್ಡ ದೂರು ಮೇಲಿನವರ ತನಕ ಹೋಯಿತು. ಮೂಲ ಕಾರಣ ಮತ್ತೆ ಟಿಪ್ಪಣಿಯೇ. ಆ ವಾರದ ಸಭೆಯಲ್ಲಿ, 14 ಜನರ ಮುಂದೆ, ಮುಖ್ಯಸ್ಥೆ ಎಂಜಿನಿಯರ್ ಕಡೆ ನೋಡಿ, "ಜವಾಬ್ದಾರಿ ಅನ್ನೋದು ಹೇಳಿಕೊಟ್ಟು ಬರೋದಲ್ಲ" ಎಂದರು. ಅವರು ಉತ್ತರ ಕೊಡಲಿಲ್ಲ. ಆ ಮಾತಿನ ನಂತರ ಸಭೆ ಹತ್ತು ನಿಮಿಷ ನಡೆಯಿತಂತೆ. ಅದರಲ್ಲಿ ಏನು ಚರ್ಚೆಯಾಯಿತೆಂಬುದು ನಾನು ವಿಚಾರಿಸಿದ ಯಾರಿಗೂ ನೆನಪಿರಲಿಲ್ಲ.

ಮರುದಿನದಿಂದ ಅವರು ಆಕೆಯನ್ನು 'ಮೇಡಂ' ಎನ್ನತೊಡಗಿದರು. ಹೊಸಬರಿಗೆ ಕಲಿಸುವುದನ್ನು ನಿಲ್ಲಿಸಿದರು. ಕೆಲಸದಲ್ಲಿ ಲೋಪವೇನೂ ಆಗದಂತೆ ನೋಡಿಕೊಂಡರು, ಕೇಳಿದ್ದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚೂ ಮಾಡಲಿಲ್ಲ. ಟಿಪ್ಪಣಿ ಮತ್ತೆ ಮೂರು ಸಾಲಿಗೆ ಇಳಿಯಿತು.

ಹಿಮ್ಮಾಹಿತಿಯಿಂದ ಕೆಲಸ ಸುಧಾರಿಸುತ್ತದೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದರಿಂದ ಕೆಲಸ ಕೆಡಲೂಬಹುದು ಎಂದರೆ ಜನ ಅಚ್ಚರಿಪಡುತ್ತಾರೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ 1996 ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 607 ಫಲಿತಾಂಶಗಳನ್ನು ವಿಶ್ಲೇಷಿಸಿದಾಗ, ಸರಾಸರಿಯಲ್ಲಿ ಹಿಮ್ಮಾಹಿತಿ ಉಪಯುಕ್ತವೆಂದೇ ಕಂಡುಬಂತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಅದು ಕೆಲಸದ ಗುಣಮಟ್ಟವನ್ನು ಇಳಿಸಿತ್ತು. ಅವರು ಮುಂದಿಟ್ಟ ವಿವರಣೆ ಈ ಪ್ರಕರಣಕ್ಕೆ ನೇರವಾಗಿ ಅನ್ವಯಿಸುತ್ತದೆ: ಮಾತು ಗಮನವನ್ನು ಕೆಲಸದಿಂದ ಕಿತ್ತು ವ್ಯಕ್ತಿಯ ಮೇಲೆ ತಿರುಗಿಸಿದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆ. "9 ಗಂಟೆಯ ಕರೆಯ ವಿಷಯ ಟಿಪ್ಪಣಿಯಲ್ಲಿರಲಿಲ್ಲ" ಎಂದಿದ್ದರೆ ಎಂಜಿನಿಯರ್ ಟಿಪ್ಪಣಿಯ ಬಗ್ಗೆ ಯೋಚಿಸುತ್ತಿದ್ದರು. "ಜವಾಬ್ದಾರಿ" ಎಂಬ ಮಾತು ಬಂದ ಮೇಲೆ ಅವರಿಗೆ ಯೋಚಿಸಲು ಉಳಿದದ್ದು ತಾನು ಎಂಥವನು ಎಂಬುದು, ಮತ್ತು ಅದನ್ನು ಯಾರ ಯಾರ ಮುಂದೆ ಹೇಳಲಾಯಿತು ಎಂಬುದು. ರಾತ್ರಿ ಪಾಳಿಗಳನ್ನು ವರ್ಷಗಟ್ಟಲೆ ಒಂದು ದಿನವೂ ತಪ್ಪಿಸದೆ ಮಾಡಿದ ವ್ಯಕ್ತಿಗೆ ಆ ಪದ ಹೇಗೆ ನಾಟಿರಬೇಕೆಂಬುದನ್ನು ಊಹಿಸುವುದು ಕಷ್ಟವೇನಲ್ಲ.

ನನ್ನ ಮೊದಲ ಪ್ರಯತ್ನ ಮತ್ತು ಅದರ ಸೋಲು

ವಿಷಯ ನನ್ನ ಬಳಿ ಬಂದಾಗ ನಾನು ತರಬೇತಿದಾರರು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆ. ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ರೂಪಿಸಿದ ಸಂದರ್ಭ, ವರ್ತನೆ, ಪರಿಣಾಮ ಎಂಬ ಮೂರು ಹಂತದ ಮಾದರಿಯನ್ನು ಮುಖ್ಯಸ್ಥೆಗೆ ವಿವರಿಸಿ, ಹೇಳಬೇಕಾದದ್ದನ್ನು ಆ ಕ್ರಮದಲ್ಲಿ ಬರೆದುಕೊಂಡು ಹೋಗುವಂತೆ ಸೂಚಿಸಿದೆ. ಮಾದರಿ ಒಳ್ಳೆಯದೇ, ಅಸ್ಪಷ್ಟ ಮಾತಿಗೆ ಅದು ಕಡಿವಾಣ ಹಾಕುತ್ತದೆ. ಆದರೆ ಸಭೆಯ ಗಾಯ ಹಸಿಯಾಗಿರುವಾಗ, ಕೈಯಲ್ಲಿ ಕಾಗದ ಹಿಡಿದು, ಇಂಥ ದಿನ, ಇಂಥ ಟಿಪ್ಪಣಿ, ಅದರಿಂದ ಆದ ಇಂಥ ನಷ್ಟ ಎಂದು ಓದುತ್ತ ಹೋದದ್ದು ಎಂಜಿನಿಯರ್ ಕಿವಿಗೆ ಆರೋಪಪಟ್ಟಿಯಂತೆ ಕೇಳಿಸಿತು. ಅವರು ಒಂದೇ ಪ್ರಶ್ನೆ ಕೇಳಿದರು: "ಇದು ಅಪ್ರೈಸಲ್‌ಗೆ ಹೋಗುತ್ತಾ ಮೇಡಂ?" ವಾರ್ಷಿಕ ಮೌಲ್ಯಮಾಪನಕ್ಕೆ ಮೂರು ವಾರ ಬಾಕಿಯಿತ್ತು. ಮುಖ್ಯಸ್ಥೆಯ ಬಳಿ ಉತ್ತರವಿರಲಿಲ್ಲ, ಏಕೆಂದರೆ ಆ ಪ್ರಶ್ನೆ ಬರುತ್ತದೆಂದು ನಾನು ಆಕೆಗೆ ಹೇಳಿರಲಿಲ್ಲ.

ಇದು ನನಗೆ ಗೊತ್ತಿರಬೇಕಾಗಿದ್ದ ವಿಷಯ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಡೆದು 1965 ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಂಬಳವನ್ನು ನಿರ್ಧರಿಸುವ ಮೌಲ್ಯಮಾಪನವನ್ನೂ ಕೆಲಸವನ್ನು ತಿದ್ದುವ ಮಾತುಕತೆಯನ್ನೂ ಒಂದೇ ಕೂರಿಕೆಯಲ್ಲಿ ಬೆರೆಸಿದರೆ ಎರಡನೆಯದು ಕೆಲಸ ಮಾಡುವುದಿಲ್ಲವೆಂದು ತೋರಿಸಿತ್ತು. ಟೀಕೆ ಹೆಚ್ಚಾದಷ್ಟೂ ನೌಕರರು ಸಮರ್ಥನೆಗೆ ಇಳಿಯುತ್ತಿದ್ದರು, ಟೀಕೆಗೊಳಗಾದ ಅಂಶಗಳಲ್ಲಿ ಸುಧಾರಣೆ ಕಡಿಮೆಯಾಗುತ್ತಿತ್ತು. ಅಂಕದ ಭಯ ಇರುವಲ್ಲಿ ಯಾರೂ ತಮ್ಮ ತಪ್ಪನ್ನು ಹತ್ತಿರದಿಂದ ನೋಡಲು ಒಪ್ಪುವುದಿಲ್ಲ. ನಾವು ಮಾಡಿದ ಮೊದಲ ನಿಜವಾದ ಕೆಲಸವೆಂದರೆ, ಟಿಪ್ಪಣಿಯ ವಿಷಯ ಆ ವರ್ಷದ ಮೌಲ್ಯಮಾಪನದಲ್ಲಿ ಬರುವುದಿಲ್ಲವೆಂದು ಮುಖ್ಯಸ್ಥೆ ಎಂಜಿನಿಯರ್‌ಗೆ ಲಿಖಿತವಾಗಿ ತಿಳಿಸಿದ್ದು.

ಮೇಜಿನ ಮೇಲೆ ಮೂರು ಕಾಗದ

ಎರಡನೆಯ ಬಾರಿ ಕೂತಾಗ ಮೇಜಿನ ಮೇಲೆ ಮೂರು ಟಿಪ್ಪಣಿಗಳ ಮುದ್ರಿತ ಪ್ರತಿ ಮಾತ್ರ ಇತ್ತು: ಮೊದಲಿನ ಮೂರು ಸಾಲಿನದು, ಒಂದೂವರೆ ಪುಟದ್ದು, ಮತ್ತು ಬೇರೆ ಪಾಳಿಯವರು ಬರೆದದ್ದೊಂದು. ಮುಖ್ಯಸ್ಥೆ ಏನನ್ನೂ ವಿವರಿಸದೆ ಒಂದು ಪ್ರಶ್ನೆ ಕೇಳಿದರು. "ಸರ್, ನೀವು ಬೆಳಗ್ಗೆ ಬಂದಿದ್ದೀರಿ ಅಂತಿಟ್ಟುಕೊಳ್ಳಿ. ರಾತ್ರಿ ಏನಾಯ್ತು ಅಂತ ಗೊತ್ತಿಲ್ಲ. ಕೈಯಲ್ಲಿ ಇರೋದು ಇದೊಂದೇ. ಮೊದಲು ಏನು ಮಾಡ್ತೀರಿ?"

ಅವರು ಓದಿದರು. ತಾವೇ ಬರೆದದ್ದಾದ್ದರಿಂದ ಮೊದಲ ಓದಿನಲ್ಲಿ ಅವರಿಗೆ ಎಲ್ಲವೂ ಇರುವಂತೆಯೇ ಕಂಡಿತು. ಎರಡನೆಯ ಓದಿನಲ್ಲಿ ಪೆನ್ನು ತೆಗೆದುಕೊಂಡು 'ತಿಳಿಸಲಾಗಿದೆ' ಎಂಬ ಪದದ ಕೆಳಗೆ ಗೆರೆ ಎಳೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರು ತಿಳಿಸಿದ್ದು, ಯಾರಿಗೆ, ಏನಂತ, ಯಾವುದೂ ಇಲ್ಲ ಇದರಲ್ಲಿ" ಎಂದರು. ಒಂದೂವರೆ ಪುಟದ ಟಿಪ್ಪಣಿಯಲ್ಲಿ ಅದೇ ಬಗೆಯ ಪದ ಐದು ಕಡೆ ಸಿಕ್ಕಿತು. ತಿಳಿಸಲಾಗಿದೆ, ಪರಿಶೀಲಿಸಲಾಗಿದೆ, ಪ್ರಯತ್ನಿಸಲಾಗಿದೆ. ನಮ್ಮ ಕಚೇರಿ ಬರವಣಿಗೆಯಲ್ಲಿ ಬೇರುಬಿಟ್ಟಿರುವ ಈ ಕರ್ಮಣಿ ಪ್ರಯೋಗ ಮಾಡಿದವರನ್ನು ಮರೆಮಾಡುತ್ತದೆ; ಮಾಡಿದವರು ಮರೆಯಾದರೆ ಮುಂದೆ ಮಾಡಬೇಕಾದವರೂ ಮರೆಯಾಗುತ್ತಾರೆ. ಎರಡು ತಿಂಗಳು ಯಾರೂ ತೋರಿಸಲಾಗದ ದೋಷವನ್ನು ಅವರು ಐದು ನಿಮಿಷದಲ್ಲಿ ತಾವೇ ಕಂಡುಕೊಂಡರು. ದೋಷ ಹುಡುಕುವುದರಲ್ಲಿ ಅವರು ನುರಿತವರಲ್ಲವೇ. ಆ ನೈಪುಣ್ಯಕ್ಕೆ ಸರಿಯಾದ ವಸ್ತುವನ್ನು ಯಾರೂ ಒದಗಿಸಿರಲಿಲ್ಲ, ಅಷ್ಟೇ.

ಅನಂತರ ಅವರು ಮಾತಾಡಿದರು. ಪಾಳಿಯ ಕೊನೆಯ ಅರ್ಧ ಗಂಟೆಯಲ್ಲೇ ಕರೆಗಳು ಹೆಚ್ಚೆಂದೂ, ಹೆಡ್‌ಫೋನ್ ಕಿವಿಯಲ್ಲಿರುವಾಗಲೇ ಟಿಪ್ಪಣಿ ಟೈಪ್ ಮಾಡಬೇಕಾಗುತ್ತದೆಂದೂ ಹೇಳಿದರು. ಇದನ್ನು ನೆಪವೆಂದು ತಳ್ಳಿಹಾಕಲು ಸಾಧ್ಯವಿರಲಿಲ್ಲ. ಕರೆಗಳ ದಾಖಲೆ ತೆಗೆದು ನೋಡಿದಾಗ ಮಾತು ನಿಜವಾಗಿತ್ತು. ಆಮೇಲೆ ಮುಖ್ಯಸ್ಥೆಯ ಕಡೆ ತಿರುಗಿ ಹೇಳಿದರು: "ವಿವರವಾಗಿ ಬರೀರಿ ಅಂದಿರಿ, ಬರೆದೆ. ಏನು ಬಿಟ್ಟಿದ್ದೆ ಅಂತ ಒಂದು ಸಲ ಈ ಥರ ತೋರಿಸಿದ್ದಿದ್ರೆ ಸಾಕಿತ್ತು. ನೀವು ತೋರಿಸಲಿಲ್ಲ. ಎಲ್ಲರ ಎದುರು ಜವಾಬ್ದಾರಿ ಇಲ್ಲ ಅಂದಿರಿ."

ಹಿಮ್ಮಾಹಿತಿ ಸ್ವೀಕರಿಸುವ ಬಗೆಯನ್ನು ನಾನು ಅಂದು ಹತ್ತಿರದಿಂದ ನೋಡಿದೆ. ಮುಖ್ಯಸ್ಥೆ "ಹಾಗಲ್ಲ ಸರ್, ನಾನು" ಎಂದು ಬಾಯಿ ತೆರೆದರು. ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಅವರ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು, ತಲೆ ಎತ್ತಿ, "ಏನು ಕಡಿಮೆಯಿದೆ ಅಂತ ನಾನು ತೋರಿಸಲಿಲ್ಲ. ತೋರಿಸದೇ ಇದ್ದದ್ದಕ್ಕೆ ಎಲ್ಲರೆದುರು ನಿಮ್ಮನ್ನು ದೂರಿದೆ. ನಾನು ಸರಿಯಾಗಿ ಕೇಳಿಸಿಕೊಂಡೆನಾ?" ಎಂದರು. ಅವರು ತಲೆಯಾಡಿಸಿದರು. ಆಕೆ ಆಗಲೇ ಕ್ಷಮೆ ಕೇಳಲಿಲ್ಲ. ಮುಂದಿನ ವಾರದ ಸಭೆಯಲ್ಲಿ, ಅದೇ 14 ಜನರ ಮುಂದೆ, ಆ ದಿನದ ಮಾತು ತಪ್ಪಾಗಿತ್ತೆಂದೂ, ಟಿಪ್ಪಣಿಯ ದೋಷಕ್ಕೆ ಪಾಳಿಯ ವ್ಯವಸ್ಥೆಯೂ ಕಾರಣವೆಂದೂ ಎರಡು ವಾಕ್ಯಗಳಲ್ಲಿ ಹೇಳಿದರು. ನೋವು ನಾಲ್ಕು ಜನರ ಮುಂದೆ ಆಗಿದ್ದರೆ ಅದನ್ನು ಸರಿಪಡಿಸುವ ಮಾತು ನಾಲ್ಕು ಗೋಡೆಗಳ ನಡುವೆ ಮುಗಿಯಬಾರದೆಂಬುದು ಆಕೆಯದೇ ನಿರ್ಧಾರ. ಅದು ಸರಿಯೆಂದೇ ನನ್ನ ಅಭಿಪ್ರಾಯ.

ಹಸ್ತಾಂತರದ ಕೊನೆಯ ಹೆಜ್ಜೆ

ಟಿಪ್ಪಣಿಯ ಹೊಸ ಕ್ರಮವನ್ನು ರೂಪಿಸುವಾಗ ನಾವು ವೈದ್ಯಕೀಯ ಕ್ಷೇತ್ರದ ಅನುಭವವನ್ನು ನೋಡಿದೆವು, ಏಕೆಂದರೆ ಪಾಳಿ ಬದಲಾಗುವಾಗ ಮಾಹಿತಿ ಸೋರಿಹೋಗುವುದರ ಬೆಲೆ ಅಲ್ಲಿ ಬಹಳ ದೊಡ್ಡದು. ಉತ್ತರ ಅಮೆರಿಕದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಐ-ಪಾಸ್ ಎಂಬ ಹಸ್ತಾಂತರ ಕ್ರಮವನ್ನು ಜಾರಿಗೆ ತಂದಾಗ ವೈದ್ಯಕೀಯ ತಪ್ಪುಗಳು ಶೇಕಡಾ 23 ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇಕಡಾ 30 ರಷ್ಟು ಕಡಿಮೆಯಾದವೆಂದು 2014 ರಲ್ಲಿ ವರದಿಯಾಯಿತು. ಒಬ್ಬ ರೋಗಿಯ ವಿಷಯವನ್ನು ಬಾಯಿಮಾತಿನಲ್ಲಿ ಒಪ್ಪಿಸಲು ಹಿಡಿಯುವ ಸಮಯವೇನೂ ಅದರಿಂದ ಹೆಚ್ಚಾಗಲಿಲ್ಲ. ಆ ಕ್ರಮದ ಕೊನೆಯ ಹೆಜ್ಜೆ ನಮ್ಮ ಕಣ್ಣು ಸೆಳೆಯಿತು: ಮಾಹಿತಿಯನ್ನು ಪಡೆದವರು ತಮಗೆ ಅರ್ಥವಾದದ್ದನ್ನು ತಮ್ಮದೇ ಮಾತಿನಲ್ಲಿ ಮರಳಿ ಹೇಳಬೇಕು. ಕೊಟ್ಟವರು ಹೇಳಿ ಮುಗಿಸಿದ ಮಾತ್ರಕ್ಕೆ ಹಸ್ತಾಂತರ ಮುಗಿದಂತಾಗುವುದಿಲ್ಲ.

ಇದನ್ನು ಓದುತ್ತಿದ್ದಾಗ ಮುಖ್ಯಸ್ಥೆ ಹೇಳಿದ ಮಾತು ಈ ಅಧ್ಯಯನವನ್ನು ಬರೆಯಲು ನನ್ನನ್ನು ಪ್ರೇರೇಪಿಸಿತು: "ಸರ್ ಬೆಳಗಿನವರಿಗೆ ಹೇಗೆ ನೋಟ್ ಬರೀತಿದ್ದರೋ, ನಾನು ಸರ್‌ಗೆ ಹಾಗೇ ಫೀಡ್‌ಬ್ಯಾಕ್ ಕೊಡ್ತಿದ್ದೆ." ಹೌದು. "ಗ್ರಾಹಕರಿಗೆ ತಿಳಿಸಲಾಗಿದೆ" ಎಂಬುದಕ್ಕೂ "ಮೂರು ಸಲ ಹೇಳಿದ್ದೇನೆ" ಎಂಬುದಕ್ಕೂ ಇರುವ ಕೊರತೆ ಒಂದೇ. ಎರಡರಲ್ಲೂ ಕೊಟ್ಟವರ ದಾಖಲೆಯಿದೆ, ಪಡೆದವರಿಗೆ ಏನು ತಲುಪಿತೆಂಬುದು ಇಲ್ಲ.

ಹೊಸ ಟಿಪ್ಪಣಿ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ತಂಡ ಒಪ್ಪಿಕೊಂಡಿತು: ಯಾರಿಗೆ, ಎಷ್ಟು ಗಂಟೆಗೆ, ಏನು ಮಾತು ಕೊಟ್ಟಿದ್ದೇವೆ; ಏನು ಮಾಡಿ ನೋಡಿದೆವು; ಯಾವುದನ್ನು ಮತ್ತೆ ಮಾಡಬಾರದು; ಮುಂದಿನ ಹೆಜ್ಜೆ ಯಾರದು. ಬರೆಯುವವರಿಗೆ ಪಾಳಿಯ ಕೊನೆಯ 20 ನಿಮಿಷ ಹೊಸ ಕರೆ ಹೋಗದಂತೆ ವ್ಯವಸ್ಥೆಯಾಯಿತು. ಬೆಳಗಿನವರು ಟಿಪ್ಪಣಿಯ ಕೆಳಗೆ ಒಂದು ಸಾಲಿನಲ್ಲಿ ತಾವು ಮೊದಲು ಮಾಡಲಿರುವ ಕೆಲಸವನ್ನು ಬರೆಯಬೇಕು. ಅದನ್ನು ನೋಡಿಯೇ ರಾತ್ರಿಯವರು ಹೊರಡುತ್ತಾರೆ. ಮುಖ್ಯಸ್ಥೆ ತಮ್ಮ ಮಾತುಕತೆಗಳಿಗೂ ಇದನ್ನೇ ಅಳವಡಿಸಿಕೊಂಡರು. ತಿದ್ದುವ ಮಾತು ಬಂದಾಗಲೆಲ್ಲ ಕೊನೆಗೆ "ನಾನು ಹೇಳಿದ್ದರಲ್ಲಿ ನಿಮಗೆ ಏನು ಕೇಳಿಸಿತು?" ಎಂದು ವಿಚಾರಿಸುತ್ತಾರೆ. ಮೊದಲ ಕೆಲವು ಸಲ ಇದು ಪಾಠ ಒಪ್ಪಿಸಿದಂತೆ ಕೃತಕವೆನಿಸಿತೆಂದು ತಂಡದವರೇ ಹೇಳಿದ್ದಾರೆ, ಮತ್ತು ಕೇಳುವ ಧ್ವನಿ ಸ್ವಲ್ಪ ಗಡುಸಾದರೂ ಅದು ವಿಚಾರಣೆಯಾಗಿಬಿಡುತ್ತದೆ. ಆದರೂ ಆಕೆ ಹೇಳಿದ್ದಕ್ಕೂ ಅವರಿಗೆ ಕೇಳಿಸಿದ್ದಕ್ಕೂ ಇರುವ ಅಂತರ ಅಲ್ಲೇ, ಆಗಲೇ ಗೊತ್ತಾಗುತ್ತದೆ.

ನಂತರ

ಎಲ್ಲವೂ ನೇರವಾಗಿಬಿಟ್ಟಿತೆಂದು ಬರೆದರೆ ತಪ್ಪಾಗುತ್ತದೆ. ಮೂರನೆಯ ವಾರದಲ್ಲಿ ಎಂಜಿನಿಯರ್ ಮತ್ತೆ ಒಂದು ಟಿಪ್ಪಣಿಯಲ್ಲಿ "ಪರಿಶೀಲಿಸಲಾಗಿದೆ" ಎಂದು ಬರೆದು ಹೊರಟಿದ್ದರು. ಮುಖ್ಯಸ್ಥೆ ಅಂದೇ ಸಂಜೆ, ಅವರು ಪಾಳಿಗೆ ಬಂದ ಕೂಡಲೇ, ಆ ಸಾಲನ್ನು ಪರದೆಯ ಮೇಲೆ ತೆರೆದು ತೋರಿಸಿದರು. ಅವರು ನೋಡಿ, ತಿದ್ದಿ, ಹೆಡ್‌ಫೋನ್ ಹಾಕಿಕೊಂಡರು. ಎರಡು ತಿಂಗಳು ಎಳೆದಾಡಿದ್ದ ವಿಷಯ ಈ ಸಲ ಎರಡು ನಿಮಿಷ ತೆಗೆದುಕೊಂಡಿತು.

ಅವರು ಈಗಲೂ ಆಕೆಯನ್ನು ಸಭೆಗಳಲ್ಲಿ 'ಮೇಡಂ' ಎಂದೇ ಕರೆಯುತ್ತಾರೆ. ಅದರ ಬಗ್ಗೆ ಆಕೆಯೂ ಕೇಳಿಲ್ಲ, ನಾನೂ ಕೇಳಿಲ್ಲ. ಹೊಸಬರಿಗೆ ಕಲಿಸುವ ಕೆಲಸವನ್ನು ಪೂರ್ತಿಯಾಗಿ ಮತ್ತೆ ವಹಿಸಿಕೊಳ್ಳಲು ಅವರು ಒಪ್ಪಿಲ್ಲ. ಮುಂದಿನ ತಿಂಗಳಿನಿಂದ ಒಬ್ಬರನ್ನು ಮಾತ್ರ ಜೊತೆಗಿಟ್ಟುಕೊಳ್ಳುತ್ತೇನೆಂದಿದ್ದಾರೆ. ಅದಕ್ಕೊಂದು ಷರತ್ತೂ ಇದೆ: ಆ ಹೊಸಬರು ಬರೆಯುವ ಮೊದಲ ವಾರದ ಟಿಪ್ಪಣಿಗಳನ್ನು ಮುಖ್ಯಸ್ಥೆ ತಮ್ಮ ಕೋಣೆಯಿಂದ ಓದಿ ಅಭಿಪ್ರಾಯ ಕಳಿಸುವಂತಿಲ್ಲ, ಬಂದು, ಪಕ್ಕದಲ್ಲಿ ಕೂತು ಓದಬೇಕು.